ಧಾರವಾಡ ಮತ್ತು ಜೈನ ಅಧ್ಯಯನ: ನಮ್ಮ ಪ್ರಾಧ್ಯಾಪಕರು ನಡೆದು ಬಂದ ದಾರಿ

ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತ ಜೈನ ಧರ್ಮದ ಕುರುಹುಗಳಿಗೆ ಕೊರತೆ ಇಲ್ಲ. ಧಾರವಾಡದ ಹತ್ತಿರ ಅಮ್ಮಿನಭಾವಿಯ ಬಸದಿ, ಹುಬ್ಬಳ್ಳಿಯ ಮಗ್ಗುಲಲ್ಲೇ ಅದರಗುಂಚಿಯಲ್ಲಿ ಜನ 'ದೊಡ್ಡಪ್ಪ' ಎಂದು ಕರೆಯುವ ಜಿನಮೂರ್ತಿ, ಆದಿಕವಿ ಪಂಪನ ತಾಯಿಯ ತವರಾದ ಅಣ್ಣಿಗೇರಿ, ಸ್ವಲ್ಪ ಮುಂದೆ ಹೋದರೆ ಲಕ್ಷ್ಮೇಶ್ವರದ ಶಂಖ ಬಸದಿ, ದಾನಚಿಂತಾಮಣಿ ಅತ್ತಿಮಬ್ಬೆಯ ಲಕ್ಕುಂಡಿ. ಈ ಕ್ಷೇತ್ರಗಳಿಗೆ ನಾವು ದರ್ಶನಕ್ಕೆ ಹೋಗುತ್ತೇವೆ. ಆದರೆ ಅಲ್ಲಿಯ ಶಾಸನಗಳನ್ನು ಓದಿದವರು ಯಾರು? ಓಲೆಗರಿಯಲ್ಲಿದ್ದ ಗ್ರಂಥಗಳನ್ನು ತಿದ್ದಿ ಅಚ್ಚು ಹಾಕಿಸಿದವರು ಯಾರು? ಅವರು ಎಲ್ಲಿ ಕಲಿತರು, ಎಲ್ಲಿ ಕಲಿಸಿದರು? ಈ ಪ್ರಶ್ನೆಗಳಿಗೆ ನಮ್ಮ ಮನೆಗಳಲ್ಲಿ ಉತ್ತರ ಗೊತ್ತಿರುವವರು ಕಡಿಮೆ.

ಮುನಿಗಳು, ಭಟ್ಟಾರಕರು ಮತ್ತು ದಾನಿಗಳ ಹೆಸರು ಸಮಾಜದ ನೆನಪಿನಲ್ಲಿ ಉಳಿಯುತ್ತದೆ. ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ, ರಾತ್ರಿ ಕುಳಿತು ಗ್ರಂಥ ಸಂಪಾದಿಸಿದ ಪ್ರಾಧ್ಯಾಪಕರ ಹೆಸರು ಬೇಗ ಮರೆಯುತ್ತದೆ. ಧಾರವಾಡವನ್ನು ಕೇಂದ್ರವಾಗಿಟ್ಟುಕೊಂಡು ಅಂತಹ ಕೆಲವರ ಹಿನ್ನೆಲೆ, ವೃತ್ತಿ ಮತ್ತು ಕೆಲಸವನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ. ಇಂದು ಅದೇ ದಾರಿಯಲ್ಲಿ ಹೋಗಬಯಸುವ ಮಕ್ಕಳಿಗೆ ಬೇಕಾದ ಮಾಹಿತಿಯನ್ನೂ ಕೊನೆಗೆ ಕೊಟ್ಟಿದ್ದೇವೆ.

ವಿಶ್ವವಿದ್ಯಾಲಯ ಬರುವ ಮೊದಲು

ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಯಿತು. ಆಗ ಈ ಭಾಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಪದವಿ ಮುಂಬಯಿ ವಿಶ್ವವಿದ್ಯಾಲಯದ್ದು. ಅದಕ್ಕೂ ಮೊದಲು ಕಾಲೇಜು ಓದಬೇಕೆಂದರೆ ಪುಣೆ ಅಥವಾ ಕೊಲ್ಲಾಪುರಕ್ಕೆ ಹೋಗಬೇಕಿತ್ತು. ಹಳ್ಳಿಯ ಒಕ್ಕಲುತನದ ಮನೆಗಳಿಗೆ ಇದು ಸುಲಭದ ಮಾತಾಗಿರಲಿಲ್ಲ.

ಈ ಕಷ್ಟವನ್ನು ಕಂಡೇ ಸಮಾಜದ ಹಿರಿಯರು ವಿದ್ಯಾರ್ಥಿಗಳಿಗೆ ಬೋರ್ಡಿಂಗ್‌ಗಳನ್ನು ಕಟ್ಟಿಸಿದರು. 1899ರಲ್ಲಿ ನಿಪ್ಪಾಣಿ ಹತ್ತಿರದ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಕೊಲ್ಲಾಪುರ, ಸಾಂಗ್ಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಬೋರ್ಡಿಂಗ್ ನಡೆಸಿತು. ಈ ಕೆಲಸದಲ್ಲಿ ಮುಂದೆ ನಿಂತವರಲ್ಲಿ ಅಣ್ಣಾಸಾಹೇಬ ಲಠ್ಠೆ ಒಬ್ಬರು. ಅವರು ಮುಂದೆ ಕೊಲ್ಲಾಪುರದ ದಿವಾನರಾದರು, 1937ರಲ್ಲಿ ಮುಂಬಯಿ ಪ್ರಾಂತ್ಯದ ಅರ್ಥಮಂತ್ರಿಯೂ ಆದರು. ಆದರೆ ಅದಕ್ಕೆ ಮುಂಚೆ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು ಎಂಬುದನ್ನು ನೆನಪಿಡಬೇಕು. ವಸತಿ ಮತ್ತು ಊಟದ ವ್ಯವಸ್ಥೆ ಮೊದಲು ಆಯಿತು, ವಿದ್ವಾಂಸರು ಆಮೇಲೆ ಬಂದರು.

ಸದಲಗಾದಿಂದ ಹೊರಟ ಡಾ. ಆ.ನೇ. ಉಪಾಧ್ಯೆ

ಈ ಪರಂಪರೆಯಲ್ಲಿ ಮೊದಲು ಹೇಳಬೇಕಾದ ಹೆಸರು ಡಾ. ಆದಿನಾಥ ನೇಮಿನಾಥ ಉಪಾಧ್ಯೆ ಅವರದು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದರು. ಮನೆಮಾತು ಕನ್ನಡ. ಕಾಲೇಜಿನಲ್ಲಿ ಸಂಸ್ಕೃತ ಮತ್ತು ಪ್ರಾಕೃತಗಳನ್ನು ಆರಿಸಿಕೊಂಡು 1930ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎಂ.ಎ. ಪಡೆದರು. ಅದೇ ವರ್ಷ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಬೋಧಕರಾಗಿ ಸೇರಿ 1962ರವರೆಗೆ, ಅಂದರೆ 32 ವರ್ಷ, ಅಲ್ಲೇ ಸೇವೆ ಸಲ್ಲಿಸಿದರು.

ಇಲ್ಲಿ ಒಂದು ಮಾತು ಗಮನಿಸಬೇಕು. ಮುಂಬಯಿ ವಿಶ್ವವಿದ್ಯಾಲಯ ಸಂಸ್ಕೃತ, ಪಾಲಿ, ಪರ್ಷಿಯನ್ ಭಾಷೆಗಳಂತೆ ಅರ್ಧಮಾಗಧಿಯನ್ನೂ ಪಠ್ಯಕ್ರಮದಲ್ಲಿ ಇಟ್ಟಿತ್ತು. ಪಠ್ಯದಲ್ಲಿ ವಿಷಯ ಇದ್ದುದರಿಂದ ವಿದ್ಯಾರ್ಥಿಗಳು ಬಂದರು. ವಿದ್ಯಾರ್ಥಿಗಳು ಇದ್ದುದರಿಂದ ಬೋಧಕರ ಹುದ್ದೆ ಉಳಿಯಿತು. ಆ ಹುದ್ದೆಯ ಆಸರೆಯಲ್ಲಿ ಉಪಾಧ್ಯೆಯವರು ಕುಂದಕುಂದಾಚಾರ್ಯರ 'ಪ್ರವಚನಸಾರ'ವನ್ನು 1935ರಲ್ಲಿ, ಜಟಾಸಿಂಹನಂದಿಯ 'ವರಾಂಗಚರಿತ'ವನ್ನು 1938ರಲ್ಲಿ, ಹರಿಷೇಣನ 'ಬೃಹತ್ಕಥಾಕೋಶ'ವನ್ನು 1943ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಡಾ. ಹೀರಾಲಾಲ ಜೈನ ಅವರ ಜೊತೆ 'ತಿಲೋಯಪಣ್ಣತ್ತಿ'ಯನ್ನು ಹೊರತಂದರು. 1939ರಲ್ಲಿ ಅದೇ ವಿಶ್ವವಿದ್ಯಾಲಯ ಅವರಿಗೆ ಡಿ.ಲಿಟ್. ಪದವಿ ನೀಡಿತು.

1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಿವೃತ್ತಿಯ ನಂತರವೂ ವಿಶ್ರಾಂತಿ ಪಡೆಯಲಿಲ್ಲ. 1971ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗ ಆರಂಭವಾದಾಗ ಅದರ ಪ್ರಾಧ್ಯಾಪಕರಾಗಿ ಹೋದರು. 1975ರಲ್ಲಿ ತೀರಿಕೊಂಡರು.

ಧಾರವಾಡದ ಪ್ರಾಧ್ಯಾಪಕರು

ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ 1914ರಿಂದಲೇ ಇತ್ತು. ಎಸ್.ಆರ್. ಶರ್ಮಾ ಅವರ 'ಜೈನಿಸಮ್ ಆ್ಯಂಡ್ ಕರ್ನಾಟಕ ಕಲ್ಚರ್' ಎಂಬ ಗ್ರಂಥವನ್ನು 1940ರಲ್ಲಿ ಪ್ರಕಟಿಸಿದ್ದು ಈ ಮಂಡಳವೇ. 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಆರಂಭವಾಯಿತು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಈ ಸಂಸ್ಥೆ ಮುಂದೆ ಸೇರಿತು. ಹೀಗೆ ಶಾಸನ, ಹಸ್ತಪ್ರತಿ, ಬೋಧನೆ ಮೂರೂ ಒಂದೇ ಊರಿನಲ್ಲಿ ಕೂಡಿದವು.

ಡಾ. ಪಿ.ಬಿ. ದೇಸಾಯಿಯವರು ಊಟಿಯಲ್ಲಿದ್ದ ಭಾರತ ಸರ್ಕಾರದ ಶಾಸನ ಇಲಾಖೆಯಲ್ಲಿ ದುಡಿದು ಬಂದವರು. ತಮಿಳುನಾಡು, ಆಂಧ್ರ ಮತ್ತು ಕರ್ನಾಟಕದ ಜೈನ ಅವಶೇಷಗಳನ್ನು ಕುರಿತ ಅವರ ಗ್ರಂಥ 1957ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಬಂತು. ಕಲಬುರ್ಗಿ, ಕೊಪ್ಪಳ ಭಾಗದ ಎಷ್ಟೋ ಜೈನ ಶಾಸನಗಳ ಪಾಠ ಅದರಲ್ಲಿ ಸಿಗುತ್ತದೆ. ಧಾರವಾಡಕ್ಕೆ ಬಂದ ಮೇಲೆ ಅವರು ಕನ್ನಡ ಸಂಶೋಧನ ಸಂಸ್ಥೆಯ ನಿರ್ದೇಶಕರಾಗಿ ಕೆಲಸ ಮಾಡಿದರು.

ಇತಿಹಾಸ ವಿಭಾಗದಲ್ಲಿದ್ದ ಡಾ. ಬಿ.ಎ. ಸಾಲೆತ್ತೂರು ಕರಾವಳಿಯವರು. ವಿಜಯನಗರ ಕಾಲದ ಜೈನ ಧರ್ಮವನ್ನು ಮುಖ್ಯವಾಗಿಟ್ಟುಕೊಂಡ 'ಮೀಡಿಯೀವಲ್ ಜೈನಿಸಮ್' ಎಂಬ ಗ್ರಂಥವನ್ನು 1938ರಲ್ಲೇ ಬರೆದಿದ್ದರು. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ನಿರ್ದೇಶಕರಾಗಿದ್ದು, ಆಮೇಲೆ ಧಾರವಾಡಕ್ಕೆ ಬಂದರು.

ಡಾ. ಟಿ.ಜಿ. ಕಲಘಟಗಿಯವರ ವಿಷಯ ತತ್ವಶಾಸ್ತ್ರ. ಜೈನ ದರ್ಶನದಲ್ಲಿ ಮನಸ್ಸು, ಇಂದ್ರಿಯ, ಜ್ಞಾನಗಳ ವಿಚಾರ ಹೇಗಿದೆ ಎಂಬುದನ್ನು ಆಧುನಿಕ ಮನಶ್ಶಾಸ್ತ್ರದ ಜೊತೆ ಇಟ್ಟು ನೋಡಿದ ಅವರ ಇಂಗ್ಲಿಷ್ ಗ್ರಂಥವನ್ನು ಕರ್ನಾಟಕ ವಿಶ್ವವಿದ್ಯಾಲಯ 1961ರಲ್ಲಿ ಪ್ರಕಟಿಸಿತು. ಧಾರವಾಡದ ಕರ್ನಾಟಕ ಕಲಾ ಕಾಲೇಜಿನ ಪ್ರಾಚಾರ್ಯರಾಗಿದ್ದ ಅವರು ಮುಂದೆ ಮೈಸೂರಿಗೆ ಹೋಗಿ, ಉಪಾಧ್ಯೆಯವರು ಆರಂಭಿಸಿದ್ದ ವಿಭಾಗದ ಹೊಣೆ ಹೊತ್ತರು.

ಡಾ. ಬಿ.ಕೆ. ಖಡಬಡಿಯವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾಗಿದ್ದರು. ಕನ್ನಡದ ಹಳೆಯ ಗದ್ಯಗ್ರಂಥವಾದ 'ವಡ್ಡಾರಾಧನೆ'ಯನ್ನು ಕುರಿತ ಅವರ ಅಧ್ಯಯನ 1979ರಲ್ಲಿ ಧಾರವಾಡದಿಂದ ಪ್ರಕಟವಾಯಿತು.

ಒಂದು ಗ್ರಂಥ, ಮೂರು ತಲೆಮಾರಿನ ದುಡಿಮೆ

ಪ್ರಾಧ್ಯಾಪಕರ ಕೆಲಸ ಹೇಗೆ ಒಬ್ಬರಿಂದ ಒಬ್ಬರಿಗೆ ಸಾಗುತ್ತದೆ ಎನ್ನುವುದಕ್ಕೆ ಈ ವಡ್ಡಾರಾಧನೆಯೇ ಉದಾಹರಣೆ. ಇದರಲ್ಲಿ 19 ಕಥೆಗಳಿವೆ. ಎಲ್ಲವೂ ಉಪಸರ್ಗಗಳನ್ನು ಸಹಿಸಿ ಸಮಾಧಿಮರಣ ಹೊಂದಿದ ಮಹಾಪುರುಷರ ಕಥೆಗಳು. ಇವುಗಳ ಬೇರು ಶಿವಾರ್ಯರ 'ಭಗವತೀ ಆರಾಧನೆ' ಎಂಬ ಪ್ರಾಕೃತ ಗ್ರಂಥದಲ್ಲಿದೆ.

ಆರಾಧನೆಗೆ ಸಂಬಂಧಿಸಿದ ಕಥೆಗಳು ಯಾವ ಯಾವ ಭಾಷೆಯಲ್ಲಿ ಹೇಗೆ ಹರಿದು ಬಂದಿವೆ ಎಂಬುದನ್ನು ಉಪಾಧ್ಯೆಯವರು 1943ರಲ್ಲಿ ಬೃಹತ್ಕಥಾಕೋಶದ ಪ್ರಸ್ತಾವನೆಯಲ್ಲಿ ಬಿಡಿಸಿ ತೋರಿಸಿದರು. ಮೈಸೂರಿನ ಪ್ರೊ. ಡಿ.ಎಲ್. ನರಸಿಂಹಾಚಾರ್ ಅವರು ಹಸ್ತಪ್ರತಿಗಳನ್ನು ಹೋಲಿಸಿ 1949ರಲ್ಲಿ ಕನ್ನಡ ಪಾಠವನ್ನು ಸಂಪಾದಿಸಿದರು. ಖಡಬಡಿಯವರು ಎರಡನ್ನೂ ಮುಂದಿಟ್ಟುಕೊಂಡು, ಪ್ರಾಕೃತ ಮತ್ತು ಹಳಗನ್ನಡ ಎರಡೂ ಬಲ್ಲವರಾಗಿ, ಇಡೀ ಗ್ರಂಥವನ್ನು ವಿಚಾರಿಸಿದರು. ಈ ಮೂವರಲ್ಲಿ ಒಬ್ಬರು ಇಲ್ಲದಿದ್ದರೂ ಕೆಲಸ ಅರ್ಧಕ್ಕೆ ನಿಲ್ಲುತ್ತಿತ್ತು.

ಇನ್ನೊಂದು ಸಂಗತಿಯನ್ನೂ ಕೃತಜ್ಞತೆಯಿಂದ ಹೇಳಬೇಕು. ಜೈನ ಗ್ರಂಥ ಮತ್ತು ಶಾಸನಗಳಿಗಾಗಿ ದುಡಿದ ಪ್ರಾಧ್ಯಾಪಕರೆಲ್ಲರೂ ಜೈನ ಮನೆತನದಲ್ಲಿ ಹುಟ್ಟಿದವರಲ್ಲ. ಡಿ.ಎಲ್. ನರಸಿಂಹಾಚಾರ್, ಸಾಲೆತ್ತೂರು ಮೊದಲಾದವರು ವಿದ್ಯೆಯ ಮೇಲಿನ ಪ್ರೀತಿಯಿಂದ ಈ ಕೆಲಸ ಮಾಡಿದರು. ಅವರ ಋಣ ನಮ್ಮ ಮೇಲಿದೆ.

ಇದರಿಂದ ಸಮಾಜಕ್ಕೆ ಏನು ಪ್ರಯೋಜನ?

'ಹಳೆಯ ಗ್ರಂಥ ಓದಿ ಏನು ಮಾಡುವುದು' ಎಂದು ಕೇಳುವವರಿದ್ದಾರೆ. ಇದಕ್ಕೆ ಇತ್ತೀಚಿನ ಒಂದು ಘಟನೆಯೇ ಉತ್ತರ ಕೊಡುತ್ತದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನ ಅಥವಾ ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮ ಎಂದು ಪರಿಗಣಿಸಿ ನಿಷೇಧಿಸಿತು. ಅದು ಧರ್ಮದ ಅವಿಭಾಜ್ಯ ಆಚರಣೆ ಎನ್ನುವುದು ಸಿದ್ಧವಾಗಿಲ್ಲ ಎಂಬುದು ತೀರ್ಪಿನ ಮುಖ್ಯ ಅಂಶಗಳಲ್ಲಿ ಒಂದು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು.

ಈ ಪ್ರಶ್ನೆ ಬರುವ ಎಷ್ಟೋ ವರ್ಷ ಮುಂಚೆಯೇ, 1976ರಲ್ಲಿ, ನ್ಯಾಯಮೂರ್ತಿ ಟಿ.ಕೆ. ತುಕೋಳ ಅವರು ಸಲ್ಲೇಖನ ಆತ್ಮಹತ್ಯೆಯಲ್ಲ ಎಂಬುದನ್ನು ಆಗಮ ಮತ್ತು ಕಾನೂನು ಎರಡರ ಆಧಾರದಿಂದ ವಿವರಿಸಿ ಗ್ರಂಥ ಬರೆದಿದ್ದರು. ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆಗಿದ್ದರು. ಜೈನ ಧರ್ಮದ ಸಮಗ್ರ ಪರಿಚಯ ನೀಡುವ ಅವರ ಇನ್ನೊಂದು ಇಂಗ್ಲಿಷ್ ಗ್ರಂಥವನ್ನು ಕರ್ನಾಟಕ ವಿಶ್ವವಿದ್ಯಾಲಯ 1980ರಲ್ಲಿ ಪ್ರಕಟಿಸಿತು. ನ್ಯಾಯಾಲಯದಲ್ಲಾಗಲಿ, ಪಠ್ಯಪುಸ್ತಕ ಸಮಿತಿಯಲ್ಲಾಗಲಿ ನಮ್ಮ ಭಾವನೆಗಿಂತ ಹೆಚ್ಚು ತೂಕ ಮೂಲಗ್ರಂಥದ ಆಧಾರಕ್ಕೆ ಇರುತ್ತದೆ. ಆ ಆಧಾರವನ್ನು ತೆಗೆದು ತೋರಿಸಲು ಮೂಲವನ್ನು ಓದಬಲ್ಲವರು ಬೇಕು.

ಈ ದಾರಿಯಲ್ಲಿ ಹೋಗಬಯಸುವ ಮಕ್ಕಳಿಗೆ

ಕನ್ನಡ, ಸಂಸ್ಕೃತ, ಪ್ರಾಕೃತ, ತತ್ವಶಾಸ್ತ್ರ, ಪ್ರಾಚೀನ ಇತಿಹಾಸ ಇವುಗಳಲ್ಲಿ ಯಾವುದರಿಂದಲೂ ಜೈನ ಅಧ್ಯಯನಕ್ಕೆ ಬರಬಹುದು. ಮೇಲೆ ಹೇಳಿದ ಹಿರಿಯರೂ ಬೇರೆ ಬೇರೆ ವಿಷಯಗಳಿಂದಲೇ ಬಂದವರು.

ಅರ್ಹತೆ: ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯವಾಗಿ ಶೇ. 55 ಅಂಕ ಬೇಕು. ಅದರ ಜೊತೆ ಯುಜಿಸಿಯ ನೆಟ್ ಅಥವಾ ಕರ್ನಾಟಕದ ಕೆ-ಸೆಟ್ ಪಾಸಾಗಬೇಕು. ಪಿಎಚ್.ಡಿ. ಇದ್ದರೆ ಆಯ್ಕೆಯಲ್ಲಿ ಅನುಕೂಲ.

ನೆಟ್ ವಿಷಯಗಳು: ಪ್ರಾಕೃತ ಪ್ರತ್ಯೇಕ ವಿಷಯವಾಗಿಯೇ ಇದೆ. 'ಬೌದ್ಧ, ಜೈನ, ಗಾಂಧಿ ಮತ್ತು ಶಾಂತಿ ಅಧ್ಯಯನ' ಎಂಬ ಇನ್ನೊಂದು ವಿಷಯವೂ ಇದೆ. ಇದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ.

ಸಂಶೋಧನಾ ವೇತನ: ನೆಟ್‌ನಲ್ಲಿ ಜೆಆರ್‌ಎಫ್ ಪಡೆದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ ರೂ. 37,000, ಆಮೇಲೆ ರೂ. 42,000 ಸಿಗುತ್ತದೆ. ಈ ದರ 2023ರ ಜನವರಿಯಿಂದ ಜಾರಿಯಲ್ಲಿದೆ. ಮನೆಗೆ ಹೊರೆಯಾಗದೆ ಪಿಎಚ್.ಡಿ. ಮುಗಿಸಲು ಇದು ದೊಡ್ಡ ಆಸರೆ.

ಎಚ್ಚರಿಕೆಯ ಮಾತು: ಕಾಯಂ ಹುದ್ದೆ ಬೇಗ ಸಿಗುವುದಿಲ್ಲ. ಅತಿಥಿ ಉಪನ್ಯಾಸಕರಾಗಿ ಎಷ್ಟೋ ವರ್ಷ ದುಡಿಯುವವರಿದ್ದಾರೆ. ಆದ್ದರಿಂದ ಕನ್ನಡ, ಇತಿಹಾಸದಂತಹ ಹೆಚ್ಚು ಕಾಲೇಜುಗಳಲ್ಲಿರುವ ವಿಷಯವನ್ನು ಮುಖ್ಯವಾಗಿ ಓದಿ, ಪ್ರಾಕೃತವನ್ನು ಅದರ ಜೊತೆ ಕಲಿಯುವುದು ಜಾಣತನ. ಪಿಯುಸಿ, ಪದವಿ ಓದುವಾಗಲೇ ಹಳಗನ್ನಡ ಓದುವ ರೂಢಿ ಇಟ್ಟುಕೊಂಡರೆ ಮುಂದೆ ಕಷ್ಟವಾಗದು.

2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಕೊಟ್ಟಿದೆ. ಕನ್ನಡಕ್ಕೆ ಆ ಸ್ಥಾನ 2008ರಲ್ಲೇ ಬಂದಿದೆ. ಎರಡೂ ಬಲ್ಲವರಿಗೆ ಕೆಲಸ ಬೇಕಾದಷ್ಟಿದೆ. ಆದರೆ ಸ್ಥಾನಮಾನ ಸಿಕ್ಕ ಮಾತ್ರಕ್ಕೆ ಭಾಷೆ ಉಳಿಯದು. ತರಗತಿಯಲ್ಲಿ ವಿದ್ಯಾರ್ಥಿಗಳೇ ಇಲ್ಲವಾದರೆ, ಪ್ರಾಧ್ಯಾಪಕರು ನಿವೃತ್ತರಾದ ಮೇಲೆ ಆ ಹುದ್ದೆಗೆ ಮತ್ತೊಬ್ಬರನ್ನು ಕೇಳುವವರೂ ಇರುವುದಿಲ್ಲ.

ಮನೆಯವರು ಮಾಡಬಹುದಾದ ಕೆಲಸ

ನಮ್ಮ ಸಮಾಜದಲ್ಲಿ ಎಂಜಿನಿಯರ್, ಡಾಕ್ಟರ್, ಲೆಕ್ಕಪರಿಶೋಧಕರಾಗುವ ಮಕ್ಕಳಿಗೆ ಪ್ರೋತ್ಸಾಹ ಇದೆ, ಇರಲಿ. ಧಾರವಾಡದಲ್ಲೇ ಧರ್ಮಸ್ಥಳ ಮಂಜುನಾಥೇಶ್ವರ ಹೆಸರಿನ ಎಂಜಿನಿಯರಿಂಗ್ ಕಾಲೇಜು 1979ರಿಂದ ನಡೆಯುತ್ತಿದೆ, ವೈದ್ಯಕೀಯ ಕಾಲೇಜೂ ಇದೆ. ಅದರ ಜೊತೆ, ಭಾಷೆ ಅಥವಾ ಇತಿಹಾಸ ಓದುತ್ತೇನೆ ಎನ್ನುವ ಮಗ ಅಥವಾ ಮಗಳನ್ನು 'ಅದರಿಂದ ಏನು ಬರುತ್ತದೆ' ಎಂದು ಸುಮ್ಮನಾಗಿಸಬಾರದು. ದೇವನಹಳ್ಳಿಯಲ್ಲಿ 1935ರಲ್ಲಿ ಹುಟ್ಟಿದ ಡಾ. ಕಮಲಾ ಹಂಪನಾ ಅವರು ಕನ್ನಡ ಓದಿ, ಕನ್ನಡ ಕಲಿಸಿ, 2003ರಲ್ಲಿ ಮೂಡುಬಿದಿರೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು ಎಂಬುದನ್ನು ಹೆಣ್ಣುಮಕ್ಕಳಿಗೆ ಹೇಳಬೇಕು.

ಬಸದಿಯ ಕಪಾಟಿನಲ್ಲಿ ಅಥವಾ ಮನೆಯ ಅಟ್ಟದಲ್ಲಿ ಓಲೆಗರಿ, ಹಳೆಯ ಕೈಬರಹದ ಪುಸ್ತಕ ಇದ್ದರೆ ಅವನ್ನು ನೀರಿಗೆ ಬಿಡಬೇಡಿರಿ, ಎಣ್ಣೆ ಅರಿಸಿನ ಹಚ್ಚಿ ಪೂಜೆಗಷ್ಟೇ ಇಡಬೇಡಿರಿ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೋ, ಶ್ರವಣಬೆಳಗೊಳದ ರಾಷ್ಟ್ರೀಯ ಪ್ರಾಕೃತ ಅಧ್ಯಯನ ಮತ್ತು ಸಂಶೋಧನ ಸಂಸ್ಥೆಗೋ ಒಮ್ಮೆ ತೋರಿಸಿರಿ.

ನಿಮ್ಮ ಮನೆತನದಲ್ಲಿ ನಿವೃತ್ತ ಪ್ರಾಧ್ಯಾಪಕರಿದ್ದರೆ ಅವರ ಬಳಿ ಕುಳಿತು ಅವರ ಊರು, ತಂದೆ ತಾಯಿಯ ಕಸುಬು, ಇದ್ದ ಬೋರ್ಡಿಂಗ್, ಓದಿದ ಕಾಲೇಜು, ಪಾಠ ಹೇಳಿದ ವರ್ಷಗಳು, ಬರೆದ ಪುಸ್ತಕಗಳು, ಅವರ ಗುರುಗಳು ಮತ್ತು ಶಿಷ್ಯರ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ಅವರು ಇರುವಾಗಲೇ ಈ ಕೆಲಸ ಆಗಬೇಕು. ಶಾಸ್ತ್ರದಾನವೂ ನಮ್ಮಲ್ಲಿ ಹೇಳಿರುವ ನಾಲ್ಕು ದಾನಗಳಲ್ಲಿ ಒಂದು. ಓದುವ ಮಗುವಿಗೆ ಊಟ, ವಸತಿ, ಪುಸ್ತಕ ಕೊಟ್ಟರೆ ಅದೂ ಶಾಸ್ತ್ರದಾನವೇ.

ಜೈ ಜಿನೇಂದ್ರ.