4 ಲಕ್ಷಕ್ಕೆ ಒಂದು ಕಿಲೋ

ಸೊಳ್ಳೆಯನ್ನು ತಕ್ಕಡಿಗೆ ಹಾಕಿ ಮಾರುವ ಕಾಲ ಬಂದರೆ, ಒಂದು ಕಿಲೋಗೆ ಸುಮಾರು 4 ಲಕ್ಷ ಬೇಕಾದೀತು. ಒಂದರ ತೂಕ ಎರಡೂವರೆ ಮಿಲಿಗ್ರಾಂ ಆಸುಪಾಸು. ಅದು ಒಮ್ಮೆ ಕೂತು ಹೀರುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಮೈಯ 5 ಲೀಟರ್ ರಕ್ತ ಬರಿದಾಗಲು 20 ಲಕ್ಷ ಸೊಳ್ಳೆಗಳು ಸರದಿಯಲ್ಲಿ ನಿಲ್ಲಬೇಕು. ಲೆಕ್ಕ ಕೇಳಿ ಧೈರ್ಯ ಬರುತ್ತದೆ. ಡೆಂಗಿಗೆ ಮಾತ್ರ ಆ 20 ಲಕ್ಷದಲ್ಲಿ ಒಂದೇ ಒಂದು ಸಾಕು.

ಆ ಒಂದಕ್ಕೆ ಕೆರೆ, ಚರಂಡಿ ಯಾವುದೂ ಬೇಡ. ತಾರಸಿಯ ತುಳಸಿ ಕುಂಡದ ಕೆಳಗಿಟ್ಟ ತಟ್ಟೆ ಸಾಕು. ಬಾಟಲಿ ಮುಚ್ಚಳದಷ್ಟು ನೀರಿದ್ದರೂ ನಡೆದೀತು. ಡೆಂಗಿ ಹರಡುವ ಈಡಿಸ್ ಜಾತಿಯ ಹೆಣ್ಣು ಸೊಳ್ಳೆ ಒಂದು ಸಲಕ್ಕೆ 100ರಷ್ಟು ಮೊಟ್ಟೆ ಇಡುತ್ತದೆ. ನಮ್ಮ ಬೆಚ್ಚಗಿನ ಹವೆಯಲ್ಲಿ ಏಳರಿಂದ ಹತ್ತು ದಿನಕ್ಕೆ ರೆಕ್ಕೆ ಬರುತ್ತದೆ. ಆ ನೂರರಲ್ಲಿ 50 ಹೆಣ್ಣು ಎಂದಿಟ್ಟುಕೊಳ್ಳಿ, ಎರಡನೇ ತಲೆಮಾರು 5 ಸಾವಿರ, ಮೂರನೆಯದು 2.5 ಲಕ್ಷ. ಅರ್ಧ ಕಿಲೋ ದಾಟಿತು! ಇದು ಕಾಗದದ ಲೆಕ್ಕ ನಿಜ. ಹಲ್ಲಿ, ಜೇಡ, ಏರೋಪ್ಲೇನ್ ಚಿಟ್ಟೆಗಳು ಮಧ್ಯೆ ಸುಂಕ ವಸೂಲಿ ಮಾಡದಿದ್ದರೆ ನಾವು ಉಳಿಯುತ್ತಿರಲಿಲ್ಲ. ವಾರಕ್ಕೊಮ್ಮೆ ತಟ್ಟೆಯ ನೀರು ಚೆಲ್ಲಬೇಕು ಅನ್ನುವುದು ಆ ಏಳು ದಿನದ ಲೆಕ್ಕದಿಂದಲೇ. ಚೆಲ್ಲಿದರಷ್ಟೇ ಸಾಲದು, ತಿಕ್ಕಲೂ ಬೇಕು. ಅಂಚಿಗಂಟಿದ ಮೊಟ್ಟೆ ಒಣಗಿಕೊಂಡೇ ತಿಂಗಳುಗಟ್ಟಲೆ ಮುಂದಿನ ನೀರಿಗೆ ಕಾಯುತ್ತದೆ.

ನೀರು ಚೆಲ್ಲುವ ಈ ಉಪಾಯ ಒಬ್ಬನಿಗೆ ಹೊಳೆದದ್ದು ನಮ್ಮ ಬೆಂಗಳೂರಿನಲ್ಲೇ. 1883ರಲ್ಲಿ ಇಲ್ಲಿ ಸೇನಾ ವೈದ್ಯನಾಗಿದ್ದ ರೊನಾಲ್ಡ್ ರಾಸ್, ಬಂಗಲೆಯ ಕಿಟಕಿಯಾಚೆ ಇದ್ದ ತೊಟ್ಟಿಯಲ್ಲಿ ಸೊಳ್ಳೆಮರಿ ಕಂಡು ಅದನ್ನು ಬೋರಲು ಹಾಕಿದ, ಸೊಳ್ಳೆಕಾಟ ಇಳಿಯಿತು. ಮೇಲಿನ ಅಧಿಕಾರಿಗೆ ಹೇಳಿದರೆ, ಸೊಳ್ಳೆಯನ್ನೂ ಏನೋ ಉದ್ದೇಶಕ್ಕೇ ಸೃಷ್ಟಿಸಿರಬೇಕು, ಸಹಿಸಿಕೊಳ್ಳುವುದು ನಮ್ಮ ಧರ್ಮ ಎಂಬ ಉತ್ತರ ಸಿಕ್ಕಿತಂತೆ. ಅದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡ.

ಈಡಿಸ್ ಕಚ್ಚುವುದು ಹಗಲಲ್ಲಿ. ಬೆಳಗ್ಗೆ ಬಿಸಿಲೇರುವ ಮೊದಲು, ಮತ್ತೆ ಸಂಜೆ ಹೊತ್ತು ಮುಳುಗುವ ಮುನ್ನ ಅದರ ಹಸಿವು ಹೆಚ್ಚು. ಅಂದರೆ ನಾವು ಗಿಡಕ್ಕೆ ನೀರು ಹಾಕುವ ಹೊತ್ತಿಗೇ! ತುಂಬುತೋಳಿನ ತಿಳಿಬಣ್ಣದ ಅಂಗಿ, ಬಯಲಾದ ಚರ್ಮಕ್ಕೆ ಸೊಳ್ಳೆ ಮುಲಾಮು: ಇದು ರಾತ್ರಿಗಿಂತ ಆಗ ಬೇಕು.

ಅದೇ ಗಿಡಗಳ ನಡುವೆ ಎದುರಾಗುವ ಜೇನಿನ ಲೆಕ್ಕವೇ ಬೇರೆ. ಒಂದು ಕೊಂಡಿಯಲ್ಲಿರುವ ವಿಷ ಮಿಲಿಗ್ರಾಂನ ಹತ್ತನೇ ಒಂದು ಭಾಗದಷ್ಟು. ಒಂದು ಗ್ರಾಂ ಕೂಡಿಸಲು 10 ಸಾವಿರ ಜೇನು ಬೇಕು. ಆದರೆ ಕಡಿದು ಹಾರಿದ ಮೇಲೂ ಚರ್ಮದಲ್ಲಿ ಉಳಿದ ಕೊಂಡಿ ವಿಷ ಒತ್ತುತ್ತಲೇ ಇರುತ್ತದೆ, ಮೊದಲ 20 ಸೆಕೆಂಡಿನಲ್ಲೇ ಶೇ. 90ರಷ್ಟು ಒಳಗೆ. ಉಗುರಿನಲ್ಲಿ ಕೆರೆಯಬೇಕೋ ಚಿಮಟದಲ್ಲಿ ಎಳೆಯಬೇಕೋ ಎಂದು ಮನೆಮಂದಿ ಚರ್ಚೆ ಮುಗಿಸುವಷ್ಟರಲ್ಲಿ ವಿಷದ ಕೆಲಸ ಮುಗಿದಿರುತ್ತದೆ. ಹೇಗಾದರೂ ಸರಿ, ಕೂಡಲೇ ಕಿತ್ತು ಅಲ್ಲಿಂದ ದೂರ ಹೋಗಿ. ಕೊಂಡಿ ಬಿಟ್ಟ ಜಾಗದಿಂದ ಬಾಳೆಹಣ್ಣಿನಂಥ ಒಂದು ವಾಸನೆ ಹೊರಡುತ್ತದೆ. ಜೇನಿನ ಭಾಷೆಯಲ್ಲಿ ಅದು ‘ಎಲ್ಲರೂ ಬನ್ನಿ’. ಹೆಜ್ಜೇನಾದರೆ ಬರುವವರು ಸಾವಿರಗಟ್ಟಲೆ. ಉಸಿರು ಕಟ್ಟಿದರೆ, ಮುಖ ಬಾತರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಓಡಬೇಕು. ಅಲರ್ಜಿ ಇದ್ದವರಿಗೆ ಒಂದೇ ಕಡಿತ ಮುಳುವಾದೀತು.

ಎಲ್ಲಿ ಕಡಿದರೆ ಹೆಚ್ಚು ನೋವು? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಸ್ಮಿತ್ ತನ್ನದೇ ಮೈಯ 25 ಜಾಗಗಳಿಗೆ ಮೂರು ಮೂರು ಸಲ ಜೇನು ಕಡಿಸಿಕೊಂಡು 2014ರಲ್ಲಿ ಫಲಿತಾಂಶ ಪ್ರಕಟಿಸಿದ. ಹತ್ತಕ್ಕೆ ಅಂಕ. ಮೂಗಿನ ಹೊಳ್ಳೆ 9, ಮೇಲ್ದುಟಿ 8.7. ಎಲ್ಲಕ್ಕಿಂತ ಕಡಿಮೆ ನೋವಿನ ಮೂರು ಜಾಗಗಳಲ್ಲಿ ನೆತ್ತಿಯೂ ಒಂದು, ಬರೀ 2.3.

ಇಷ್ಟು ವರ್ಷ ನಾನು ಟವೆಲ್ಲು ಸುತ್ತಿಕೊಂಡು ಗಿಡದೊಳಗೆ ಬಗ್ಗುತ್ತಿದ್ದದ್ದು ನೆತ್ತಿಗೆ. ಈಗ ಮೂಗಿಗೂ ಒಂದು ಸುತ್ತು ಬರುತ್ತಿದೆ.