ಉರಿಯ ಅರಿವು, ನೋವಿನ ಉಪಶಮನ

ಬೆಂಕಿಯ ಜ್ವಾಲೆಯನ್ನೂ, ಮೆಣಸಿನಕಾಯಿ ಕಡಿದಾಗ ನಾಲಿಗೆಗಾಗುವ ಬಾಧೆಯನ್ನೂ ಕನ್ನಡದಲ್ಲಿ 'ಉರಿ' ಎಂಬ ಒಂದೇ ಪದದಿಂದ ಕರೆಯುವುದು ರೂಢಿ. ಬಳಕೆಯ ಈ ಮಾತಿನಲ್ಲಿ ಶರೀರಶಾಸ್ತ್ರದ ಸತ್ಯವೊಂದು ಅಡಗಿದೆ. ಬೆಂಕಿಯ ಬಿಸಿ, ಮೆಣಸಿನಕಾಯಿಯ ಖಾರ ಇವೆರಡೂ ನರತಂತುವಿನ ಒಂದೇ ಬಾಗಿಲನ್ನು ತಟ್ಟುತ್ತವೆ.

ಈ ಸಂಗತಿ ಪ್ರಯೋಗದಿಂದ ಸಿದ್ಧಪಟ್ಟದ್ದು 1997ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಜೂಲಿಯಸ್ ಮತ್ತು ಅವರ ಸಹೋದ್ಯೋಗಿಗಳು ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತುವನ್ನು ಗುರುತಿಸುವ ಗ್ರಾಹಕವನ್ನು ಅರಸುತ್ತಿದ್ದರು. ನೋವನ್ನು ಅರಿಯುವ ನರಕೋಶಗಳಿಂದ ಪಡೆದ ಅಸಂಖ್ಯ ವಂಶವಾಹಿ ತುಣುಕುಗಳನ್ನು ಖಾರಕ್ಕೆ ಸ್ಪಂದಿಸದ ಜೀವಕೋಶಗಳಲ್ಲಿ ಸೇರಿಸಿ, ಯಾವುದರಿಂದ ಅವು ಸ್ಪಂದಿಸತೊಡಗುವುವೆಂದು ಪರೀಕ್ಷಿಸಿದರು. ಹೀಗೆ ದೊರೆತ ಪ್ರೋಟೀನಿಗೆ ಇಂದು ಟಿ.ಆರ್.ಪಿ.ವಿ.1 ಎಂದು ಹೆಸರು. ಇದು ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೂ ತೆರೆದುಕೊಳ್ಳುತ್ತದೆಂಬುದು ಅನಂತರ ತಿಳಿದ ವಿಸ್ಮಯ. ಅದು ತೆರೆದೊಡನೆ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ನರದೊಳಗೆ ನುಗ್ಗಿ, ವಿದ್ಯುತ್ ಸಂಕೇತವು ಬೆನ್ನುಹುರಿಯ ಮೂಲಕ ಮೆದುಳನ್ನು ಸೇರುತ್ತದೆ. ಈ ಶೋಧಕ್ಕಾಗಿ ಜೂಲಿಯಸ್ ಅವರು, ಸ್ಪರ್ಶಗ್ರಾಹಕಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೌಟಿಯನ್ ಅವರೊಡನೆ 2021ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಗಾಯವಾದ ಅಂಗದಲ್ಲಿ ಆಮ್ಲಾಂಶವೂ ಉರಿಯೂತದ ಇತರ ದ್ರವ್ಯಗಳೂ ಸೇರಿ ಈ ಗ್ರಾಹಕವನ್ನು ಮತ್ತಷ್ಟು ಸೂಕ್ಷ್ಮಗೊಳಿಸುತ್ತವೆ. ಆಗ ಮೈಯ ಸಹಜವಾದ ಬಿಸುಪೇ ಸುಡುವಂತೆ ತೋರುತ್ತದೆ. ಅಫೀಮು ಮೂಲದ ಔಷಧಗಳು ನೋವನ್ನು ಅಡಗಿಸಿದರೂ ವ್ಯಸನವನ್ನು ಅಂಟಿಸಬಲ್ಲವು. ಆದ್ದರಿಂದ ನೋವು ಹುಟ್ಟುವೆಡೆಯಲ್ಲಿಯೇ ಈ ಬಾಗಿಲನ್ನು ಮುಚ್ಚಿಬಿಡುವ ಆಲೋಚನೆ ಔಷಧತಜ್ಞರನ್ನು ಆಕರ್ಷಿಸಿದುದು ಸಹಜವೇ ಆಗಿತ್ತು.

ಆದರೆ ಆ ಬಾಗಿಲಿಗೆ ಬೇರೆ ಕರ್ತವ್ಯಗಳೂ ಇದ್ದವು. ಆಮ್ಜೆನ್ ಸಂಸ್ಥೆಯ ಎ.ಎಂ.ಜಿ. 517 ಎಂಬ ಔಷಧವನ್ನು ದವಡೆಹಲ್ಲು ಕೀಳಿಸಿಕೊಂಡವರಿಗೆ ಕೊಟ್ಟು ನೋಡಿದಾಗ ಕೆಲವರ ಮೈಶಾಖ 40 ಡಿಗ್ರಿಯನ್ನೂ ದಾಟಿತು. 2008ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ, ದೇಹದ ಶಾಖವನ್ನು ಹತೋಟಿಯಲ್ಲಿಡುವುದರಲ್ಲಿ ಈ ಗ್ರಾಹಕದ ಪಾತ್ರವಿದೆಯೆಂಬುದು ಮನುಷ್ಯರಲ್ಲಿಯೂ ಸ್ಪಷ್ಟವಾಯಿತು. ಇದೇ ವರ್ಗದ ಬೇರೆ ಔಷಧಗಳಿಂದ ಬಿಸಿಯನ್ನು ಅರಿಯುವ ಶಕ್ತಿ ಕುಂದಿ, ಕುದಿನೀರಿನಲ್ಲಿ ಕೈಯಿಟ್ಟು ಸುಟ್ಟುಕೊಳ್ಳಬಹುದಾದ ಅಪಾಯ ಒದಗಿತು. ಕಳ್ಳನನ್ನು ತಡೆಯಹೋಗಿ ಕಾವಲುಗಾರನನ್ನೇ ಕಟ್ಟಿಹಾಕಿದಂತಾಯಿತು.

ಇನ್ನೊಂದು ದಾರಿ ಇದಕ್ಕೆ ತೀರ ವಿರುದ್ಧವಾದುದು. ಬಾಗಿಲನ್ನು ಮುಚ್ಚುವುದಕ್ಕೆ ಬದಲಾಗಿ, ಬಲವಾಗಿ ತೆರೆದು ನರದ ತುದಿಯನ್ನು ದಣಿಸುವುದು. ಕ್ಯಾಪ್ಸೈಸಿನನ್ನು ಪುನಃ ಪುನಃ ಪ್ರಯೋಗಿಸಿದರೆ ಪ್ರಾಣಿಗಳಲ್ಲಿ ಆ ಬಗೆಯ ನೋವಿನ ಅರಿವು ತಗ್ಗುವುದೆಂದು ಹಂಗೇರಿಯ ನಿಕೋಲಸ್ ಯಾಂಚೊ 1940ರ ದಶಕದಲ್ಲಿಯೇ ಕಂಡಿದ್ದರು. ಶೇಕಡ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಗೆ ಅಮೆರಿಕದಲ್ಲಿ 2009ರಲ್ಲಿ ಅನುಮತಿ ದೊರೆಯಿತು. ಸರ್ಪಸುತ್ತು ವಾಸಿಯಾದ ಮೇಲೂ ಉಳಿದುಬಿಡುವ ನರಶೂಲೆಗೆ ಇದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಒಂದು ಗಂಟೆ ಕಾಲ ಚರ್ಮಕ್ಕೆ ಅಂಟಿಸುತ್ತಾರೆ. ಮೊದಲು ಉರಿ ಹೆಚ್ಚುತ್ತದೆ; ಅನಂತರ ನರದ ತುದಿಗಳು ಹಿಂದೆ ಸರಿದು ಶಮನ ದೊರೆಯುತ್ತದೆ. ಕೆಲವು ತಿಂಗಳಲ್ಲಿ ಅವು ಮರಳಿ ಬೆಳೆಯುವುದರಿಂದ ಮೂರು ತಿಂಗಳ ತರುವಾಯ ಚಿಕಿತ್ಸೆಯನ್ನು ಪುನರಾವರ್ತಿಸಬಹುದು. 2020ರಲ್ಲಿ ಮಧುಮೇಹಿಗಳ ಪಾದದ ನರಬೇನೆಗೂ ಈ ಅನುಮತಿ ವಿಸ್ತರಿಸಿತು. ಮೊರಾಕೊ ದೇಶದ ಕಳ್ಳಿಯ ಜಾತಿಯ ಗಿಡವೊಂದರ ಹಾಲಿನಲ್ಲಿರುವ, ಕ್ಯಾಪ್ಸೈಸಿನ್‌ಗಿಂತ ಬಹುಪಾಲು ಪ್ರಬಲವಾದ ರೆಸಿನಿಫೆರಾಟಾಕ್ಸಿನ್ ಎಂಬ ವಸ್ತುವನ್ನು ಕ್ಯಾನ್ಸರಿನ ತೀವ್ರ ವೇದನೆಯಲ್ಲಿಯೂ ಮೊಣಕಾಲಿನ ಸಂಧಿವಾತದಲ್ಲಿಯೂ ಪರೀಕ್ಷಿಸಲಾಗಿದೆ.

ಪಟ್ಟಿಯ ಚಿಕಿತ್ಸೆ ಫಲಿಸಿದುದು ಅದು ನೊಂದ ಎಡೆಗಷ್ಟೇ ಸೀಮಿತವಾದುದರಿಂದ. ಮೈಯೆಲ್ಲ ವ್ಯಾಪಿಸಿದ ಔಷಧಗಳು ಎಡವಿದುದು ರಕ್ಷಣೆಯನ್ನೂ ಅಳಿಸಿದುದರಿಂದ. ಗಾಯ ಮಾಯ್ದ ಮೇಲೂ ನಿಲ್ಲದೆ ಕಾಡುವ ನೋವನ್ನು ತಣಿಸಬೇಕು. ಬೆಂಕಿಯಿಂದ ಕೈಯನ್ನು ಹಿಂದೆಳೆಯಿಸುವ ನೋವನ್ನು ಉಳಿಸಬೇಕು. ಈ ವಿವೇಚನೆಯುಳ್ಳ ಔಷಧವನ್ನು ರೂಪಿಸುವುದೇ ಇಂದಿನ ಸಂಶೋಧಕರ ಮುಂದಿರುವ ಕಾರ್ಯವಾಗಿದೆ.