ಓಡಿಸುವುದು ಸುಲಭ, ನಿಲ್ಲಿಸುವುದೇ ವಿದ್ಯೆ

ರೈಲುಗಾಡಿಯ ಚಾಲಕನಾಗಬೇಕೆಂಬ ಆಸೆ ಬಾಲ್ಯದಲ್ಲಿ ಯಾರಿಗೆ ತಾನೇ ಹುಟ್ಟಿರಲಿಕ್ಕಿಲ್ಲ? ಆ ಆಸೆಯನ್ನು ಈಗ ಕಂಪ್ಯೂಟರಿನ ಆಟಗಳು ಮನೆಯಲ್ಲಿಯೇ ತೀರಿಸುತ್ತಿವೆ. ಜಪಾನಿನ ತೈಟೊ ಸಂಸ್ಥೆ 1996ರಲ್ಲಿ ‘ಡೆನ್ಶಾ ದೆ ಗೋ’ ಎಂಬ ಆಟವನ್ನು ಹೊರತಂದಿತು. ಅದರಲ್ಲಿ ಶತ್ರುಗಳಿಲ್ಲ, ಯುದ್ಧವಿಲ್ಲ. ನಿಗದಿಯಾದ ವೇಳೆಗೆ ನಿಲ್ದಾಣವನ್ನು ಸೇರಿ, ಗುರುತು ಮಾಡಿದ ಸ್ಥಳದಲ್ಲಿ ಗಾಡಿಯನ್ನು ನಿಲ್ಲಿಸಬೇಕು, ಅಷ್ಟೆ! ಆದರೂ ಜಪಾನೀಯರು ಅದಕ್ಕೆ ಮರುಳಾದರು. 2001ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ‘ಟ್ರೇನ್ ಸಿಮ್ಯುಲೇಟರ್’ ಬಂದ ಮೇಲೆ ಈ ಹವ್ಯಾಸ ಇತರ ದೇಶಗಳಲ್ಲಿಯೂ ಬೇರೂರಿತು.

ಹೊಸಬನು ಈ ಆಟದಲ್ಲಿ ಸೋಲುವುದು ಗಾಡಿಯನ್ನು ನಿಲ್ಲಿಸುವಾಗ. ನಿಲ್ದಾಣ ಕಣ್ಣಿಗೆ ಬಿದ್ದ ಮೇಲೆ ಅವನು ಬ್ರೇಕು ಹಾಕುತ್ತಾನೆ. ಗಾಡಿಯೋ ನಿಲ್ದಾಣವನ್ನೇ ದಾಟಿ ಹೋಗಿರುತ್ತದೆ! ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಘರ್ಷಣೆ ಬಹು ಕಡಿಮೆ. ಒಂದೇ ಎಂಜಿನು ಸಾವಿರಾರು ಟನ್ನುಗಳನ್ನು ಎಳೆಯಬಲ್ಲದಾದರೆ ಅದು ಈ ಗುಣದಿಂದಲೇ; ನಿಲ್ಲಿಸುವಾಗ ಅದೇ ಗುಣ ತೊಡಕಾಗುತ್ತದೆ. ಮೇಲಾಗಿ ವೇಗ ಎರಡರಷ್ಟಾದರೆ ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಕರಷ್ಟಾಗುತ್ತದೆ.

ಇನ್ನು ಬ್ರೇಕಿನ ವಿಚಾರ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿಯ ಬ್ರೇಕಿಗೆ ಹಕ್ಕುಪತ್ರ ಪಡೆದನು. ಎಂಜಿನಿನಿಂದ ಒತ್ತಡದ ಗಾಳಿ ಕೊಳವೆಯ ಮೂಲಕ ಡಬ್ಬಿಗಳಿಗೆ ಹರಿದು ಬ್ರೇಕನ್ನು ಒತ್ತುತ್ತಿತ್ತು. ಕೊಳವೆ ಒಡೆದರೆ ಬ್ರೇಕೂ ಹೋದಂತೆಯೇ. 1872ರ ಸುಮಾರಿಗೆ ಅವನು ಈ ಕ್ರಮವನ್ನೇ ತಿರುಗುಮುರುಗು ಮಾಡಿದನು. ಕೊಳವೆಯಲ್ಲಿ ಸದಾ ಗಾಳಿ ತುಂಬಿರುತ್ತದೆ. ಪ್ರತಿ ಡಬ್ಬಿಗೂ ತನ್ನದೇ ಆದ ಗಾಳಿಯ ತೊಟ್ಟಿಯಿರುತ್ತದೆ. ಕೊಳವೆಯ ಒತ್ತಡ ಇಳಿದೊಡನೆ ತೊಟ್ಟಿಯ ಗಾಳಿ ಬ್ರೇಕನ್ನು ಒತ್ತುತ್ತದೆ. ಗಾಡಿ ಎರಡು ತುಂಡಾದರೆ ಎರಡೂ ತಾವಾಗಿಯೇ ನಿಲ್ಲುತ್ತವೆ.

ಇಂಥ ವ್ಯವಸ್ಥೆ ಇಲ್ಲದಿದ್ದರೆ ಏನಾಗುವುದೆಂಬುದನ್ನು 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಪಟ್ಟಣದ ಬಳಿ ಜನ ಕಂಡರು. ಮಕ್ಕಳು, ತಾಯಿತಂದೆಯರು ತುಂಬಿದ್ದ ವಿಹಾರದ ಗಾಡಿ ಏರನ್ನು ಹತ್ತಲಾರದೆ ನಿಂತಿತು. ಸಿಬ್ಬಂದಿ ಗಾಡಿಯನ್ನು ಎರಡಾಗಿ ಬಿಡಿಸಿದರು. ಅದರ ಬ್ರೇಕು ತಾನಾಗಿ ಹಿಡಿಯುವಂಥದಾಗಿರಲಿಲ್ಲ. ಹಿಂದಿನ ಡಬ್ಬಿಗಳು ಇಳಿಜಾರಿನಲ್ಲಿ ಉರುಳಿ, ಹಿಂದಿನಿಂದ ಬರುತ್ತಿದ್ದ ಗಾಡಿಗೆ ಬಡಿದವು. ಸುಮಾರು 80 ಮಂದಿ ಮಡಿದರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಪ್ರಯಾಣಿಕರ ಗಾಡಿಗಳಿಗೆ ಸ್ವಯಂಚಾಲಿತ ಬ್ರೇಕನ್ನು ಕಡ್ಡಾಯಗೊಳಿಸುವ ಕಾನೂನು ಮಾಡಿತು.

ಗಾಳಿಯ ಬ್ರೇಕಿಗೂ ಮಿತಿಗಳುಂಟು. ಕೊಳವೆಯಲ್ಲಿ ಒತ್ತಡದ ಇಳಿತ ಶಬ್ದದ ವೇಗವನ್ನು ಮೀರಿ ಸಾಗಲಾರದು. 700 ಮೀಟರ್ ಉದ್ದದ ಸರಕುಗಾಡಿಯ ಕೊನೆಯ ಡಬ್ಬಿಗೆ ಸುದ್ದಿ ಮುಟ್ಟಲು ಎರಡು ಸೆಕೆಂಡುಗಳಾದರೂ ಬೇಕು. ಅಲ್ಲಿಂದ ಮುಂದೆ ಬ್ರೇಕು ಪೂರ್ಣವಾಗಿ ಬಿಗಿಯಲು, ಯುರೋಪಿನ ಸರಕುಗಾಡಿಗಳ ಕ್ರಮದಂತೆ, 18ರಿಂದ 30 ಸೆಕೆಂಡು ಹಿಡಿಯುತ್ತದೆ. ಬ್ರೇಕು ಬಿಟ್ಟ ಮೇಲೆ ತೊಟ್ಟಿಗಳು ಮತ್ತೆ ತುಂಬಲು ಇನ್ನಷ್ಟು ಕಾಲ ಬೇಕು. ಅವು ತುಂಬುವ ಮೊದಲೇ ಇಳಿಜಾರಿನಲ್ಲಿ ಪದೇ ಪದೇ ಬ್ರೇಕು ಹಾಕಿದರೆ ಗಾಳಿ ಬರಿದಾಗುವ ಅಪಾಯವುಂಟು.

ಸಾಮಾನ್ಯ ಆಟಗಳಲ್ಲಿ ಗುಂಡಿ ಒತ್ತಿದೊಡನೆ ಎಲ್ಲ ಡಬ್ಬಿಗಳೂ ಒಟ್ಟಿಗೆ ಬ್ರೇಕು ಹಿಡಿಯುತ್ತವೆ. ‘ಓಪನ್ ರೈಲ್ಸ್’ನಂತಹ ಆಟಗಳಾದರೋ ಕೊಳವೆಯ ಒತ್ತಡ, ತೊಟ್ಟಿ ತುಂಬುವ ವೇಗ ಮೊದಲಾದವನ್ನು ಲೆಕ್ಕ ಹಾಕಿ ತೋರಿಸುತ್ತವೆ. ಅಲ್ಲಿ ಜಾಣ ಆಟಗಾರನು ದೂರದಿಂದಲೇ ಹಗುರವಾಗಿ ಬ್ರೇಕು ಹಾಕಿ, ಫಲಕ್ಕಾಗಿ ಕಾಯುತ್ತಾನೆ. ನಿಲ್ಲುವ ಮುನ್ನ ಸ್ವಲ್ಪ ಸಡಿಲಿಸಿ, ಪ್ರಯಾಣಿಕರಿಗೆ ಜಗ್ಗು ತಾಗದಂತೆ ಗಾಡಿಯನ್ನು ನಿಲ್ಲಿಸುತ್ತಾನೆ.

ಇಷ್ಟೊಂದು ನಿಖರತೆ ಆಟಕ್ಕೇಕೆ ಎಂದು ಕೇಳುವವರು 2013ರ ಜುಲೈ 6ರ ರಾತ್ರಿಯನ್ನು ನೆನೆಯಬೇಕು. ಕೆನಡದ ಲಾಕ್ ಮೆಗಾಂಟಿಕ್ ಊರಿನ ಮೇಲ್ಗಡೆ, ಇಳಿಜಾರಿನಲ್ಲಿ ಕಚ್ಚಾತೈಲದ ಗಾಡಿಯೊಂದು ನಿಂತಿತ್ತು. ಎಂಜಿನಿಗೆ ಬೆಂಕಿ ತಗುಲಿದ್ದರಿಂದ ಅದನ್ನು ಆರಿಸಿ ಎಂಜಿನನ್ನು ನಿಲ್ಲಿಸಲಾಗಿತ್ತು. ಗಾಳಿ ತುಂಬುವ ಯಂತ್ರವೂ ನಿಂತಿತು. ಎಂಜಿನುಗಳ ಬ್ರೇಕಿನ ಗಾಳಿ ಮೆಲ್ಲಮೆಲ್ಲನೆ ಸೋರಿಹೋಯಿತು. ಬಿಗಿದಿದ್ದ ಕೈಬ್ರೇಕುಗಳು ಸಾಲದೆ ಬಂದವು. ಗಾಡಿ ತಾನಾಗಿ ಉರುಳಿ ಊರಿನೊಳಗೆ ಹಳಿತಪ್ಪಿ, 47 ಜೀವಗಳು ಬೆಂಕಿಗೆ ಆಹುತಿಯಾದವು.

ಮನೆಯ ಆಟದಲ್ಲಿ ತಪ್ಪಿದರೆ ಅಂಕ ಹೋದೀತು. ಮತ್ತೆ ಮೊದಲಿನಿಂದ ಆಡಬಹುದು. ನಿಜವಾದ ಚಾಲಕನಿಗೆ ಆ ಸೌಕರ್ಯವಿಲ್ಲ. ರಾತ್ರಿಯ ಗಾಡಿಯಲ್ಲಿ ಮಲಗಿದ ಮಕ್ಕಳ ನಿದ್ದೆ ಕೆಡದಂತೆ ಗಾಡಿ ನಿಲ್ದಾಣದಲ್ಲಿ ಮೆಲ್ಲನೆ ನಿಂತಾಗ, ಮುಂದಿನ ಎಂಜಿನಿನಲ್ಲಿ ಅವನು ಎಷ್ಟು ದೂರದಿಂದಲೇ ಅದಕ್ಕೆ ಸಿದ್ಧನಾಗಿದ್ದನೆಂಬುದನ್ನು ಈ ಆಟ ಆಡಿದವರು ಬಲ್ಲರು.